ಮಾತಾಡಿದವರ ಪಟ್ಟಿ

“ನೀವು ನಾಗೇಶ ಅಲ್ರಿ? ನಮ್ಮ ಕ್ಲಾಸ್ ಮಾನಿಟರ್?”

ಅತೀಯಾ ಹೀಗೆ ಕೇಳಿದ ಕೂಡಲೇ ನಾನು ಹೊಟ್ಟೆಯನ್ನು ಒಳಗೆಳೆದುಕೊಂಡೆ. ಇಪ್ಪತ್ತು ವರ್ಷ ಸಾಕಿ ಬೆಳೆಸಿದ ಹೊಟ್ಟೆ, ಒಂದೇ ಉಸಿರಿಗೆ ಮಾತು ಕೇಳುತ್ತದೆಯೇ? ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಮ್ಮ ಬ್ಯಾಚು ಗುರುವಂದನೆಗೆಂದು ಮೊದಲ ಸಲ ಹಳೇ ಕ್ಲಾಸಿನಲ್ಲೇ ಸೇರಿತ್ತು. ಅವಳು ಕುಷ್ಟಗಿಯಿಂದ ಬರುತ್ತಾಳೆಂದು ಗೊತ್ತಾದ ದಿನವೇ ಗಂಗಾವತಿಗೆ ಹೋಗಿ ಹೊಸ ಅಂಗಿ ಕೊಂಡಿದ್ದೆ, ಮೀಸೆಗೆ ಬಣ್ಣ ಹಚ್ಚಿಸಿಕೊಂಡಿದ್ದೆ. ಅವಳಿಗೆ ನಾನು ನೆನಪಿದ್ದೇನೋ ಇಲ್ಲವೋ ಎಂಬುದೊಂದೇ ಚಿಂತೆ.

“ನೋಡಲೇ, ನೆನಪಿಟ್ಟಾಳ!” ಎಂದು ಖಲಂದರ ಪಕ್ಕೆಗೆ ತಿವಿದ. ಆಗ ನನ್ನ ಬೆಂಚಿನವನು, ನನ್ನ ಗುಟ್ಟು ಬಲ್ಲ ಒಬ್ಬನೇ ಜೀವಿ.

“ಹೆಂಗ ಮರೀಲಿರಿ?” ಎಂದಳು ಅತೀಯಾ. “ದಿನಾ ಬೋರ್ಡಿನ ಮ್ಯಾಲೆ ನನ್ನ ಹೆಸರು ಬರೀತಿದ್ರಿ, ಮಾತಾಡಿದವರು ಅಂತ. ಮುಂದ ಇಂಟು ಮಾರ್ಕು ಬ್ಯಾರೆ. ಇಂಟಿಗೊಂದು ಮಾಸ್ತರ ಬೆತ್ತದ ಏಟು. ನಾ ಯಾವಾಗ ಮಾತಾಡಿದ್ದೆರಿ?”

ಮಾತಾಡಿರಲಿಲ್ಲ. ಇಡೀ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಅವಳೊಬ್ಬಳೇ. ಆದರೆ ಆ ಹೆಸರು ಬರೆಯಲು ನನಗೆ ಬೇರೆ ಜಾಗ ಎಲ್ಲಿತ್ತು? ನೋಟ್‌ಬುಕ್ಕಿನಲ್ಲಿ ಬರೆದರೆ ಅಪ್ಪ ಚರ್ಮ ಸುಲಿಯುತ್ತಿದ್ದ, ಗೋಡೆಯ ಮೇಲೆ ಬರೆದರೆ ಊರೇ ಸುಲಿಯುತ್ತಿತ್ತು. ಬೋರ್ಡಿನ ಮೇಲಾದರೆ ಸರ್ಕಾರಿ ಕೆಲಸದ ಹಾಗೆ, ಎಲ್ಲರೆದುರೇ ಬರೆಯಬಹುದಿತ್ತು. ಇಂಟು ಹಾಕುವ ನೆವದಲ್ಲಿ ಆ ಹೆಸರಿನ ಹತ್ತಿರ ಮತ್ತೆ ಮತ್ತೆ ಹೋಗಬಹುದಿತ್ತು. ಎಂಥ ಶೂರ ಪ್ರೇಮಿ ನೋಡಿ ನಾನು!

“ನಿಮ್ಮ ಹೆಸರು ಭಾಳ ಛಂದ ಇತ್ರಿ... ಬರಿಯಾಕ ಹಿಗ್ಗಾಗ್ತಿತ್ತು,” ಎಂದು ತೊದಲುತ್ತ ಹೇಳಿಯೇಬಿಟ್ಟೆ. ನಗುತ್ತಾಳೆ ಎಂದುಕೊಂಡಿದ್ದೆ. ಖಲಂದರ ನಕ್ಕ. ಅವಳು ನಗಲಿಲ್ಲ.

“ಬಲಗೈ ಬಾತು ಎಡಗೈಲೆ ಉಣ್ತಿದ್ದೆ. ಎಡಗೈಲೆ ಉಂಡ್ರ ಅಮ್ಮಿ ಬೈತಿದ್ಲು. ಏಟು ಬಿದ್ದಿದ್ದು ಅಬ್ಬಾಗ ಗೊತ್ತಾದ್ರ ಸಾಲಿ ಬಿಡಿಸ್ತಾರಂತ ಸುಮ್ನ ಬೈಸ್ಕೊಂಡೆ.”

ನನ್ನ ಹೊಟ್ಟೆ ತಾನಾಗಿಯೇ ಹೊರಗೆ ಬಂತು. ಮತ್ತೆ ಒಳಗೆಳೆಯಲು ಮನಸ್ಸಾಗಲಿಲ್ಲ. “ತಪ್ಪಾತ್ರಿ,” ಎಂದೆ. ಅಷ್ಟು ಏಟಿಗೆ ಇಷ್ಟೇ ಸಣ್ಣ ಮಾತೇ ಎಂದು ನನಗೇ ನಾಚಿಕೆಯಾಯಿತು.

ಅವಳು ಎದ್ದು ಹೋಗಿ ಬೋರ್ಡಿನ ಕೆಳಗಿದ್ದ ಚಾಕ್‌ಪೀಸು ತಂದು ನನ್ನ ಕೈಗಿಟ್ಟಳು. “ಇವತ್ತ ಮಾತಾಡಿದವರು ನೀವ. ಬರೀರಿ ನಿಮ್ಮ ಹೆಸರು.”

ಬರೆದೆ. ಮಿರ್ಚಿ ಭಜಿ ತಿನ್ನುತ್ತಿದ್ದವರೆಲ್ಲ ಬಾಯಿ ನಿಲ್ಲಿಸಿ ನೋಡತೊಡಗಿದರು.

“ಇಂಟು?”

“ಎಷ್ಟು ಹಾಕ್ಲಿರಿ?”

ಅತೀಯಾ ತನ್ನ ಹಳೇ ಬೆಂಚಿನಲ್ಲಿ ಕುಳಿತು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಳು.

“ಹಾಕ್ಕೋಂತ ಹೋಗ್ರಿ. ಸಾಕಾದಾಗ ನಾನ ಹೇಳ್ತೀನಿ.”