ಮೊದಲೇ ಬರೆದಿಟ್ಟ ಸಭೆ

ಸಭೆ ಶುರುವಾಗುವ ಮೊದಲೇ ಅದರ ನಡಾವಳಿ ಟೈಪಾಗಿ ಬಂದಿತ್ತು. ‘ಆಸ್ಪತ್ರೆಯ ಸೇವೆಯ ಬಗ್ಗೆ ಸಾರ್ವಜನಿಕರು ತೃಪ್ತಿ ವ್ಯಕ್ತಪಡಿಸಿದರು’ ಎಂಬ ಸಾಲಿನ ಮೇಲೆ ಬೆರಳಿಟ್ಟು ಬಟ್ಟೆ ಹೊಲಿಯುವ ಹೆಂಗಸು ಕೇಳಿದಳು, “ಈ ಸಾರ್ವಜನಿಕರು ಯಾರು ಸರ್?”

“ನೀವೇ ಅಲ್ವೇನಮ್ಮಾ? ಆಸ್ಪತ್ರೆ ಸಮಿತೀಲಿ ಜನರ ಕಡೆಯಿಂದ ಇರೋದು ನೀವೊಬ್ಬರೇ.” ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯರು ಗಡಿಯಾರ ನೋಡಿಕೊಂಡರು. “ಸಹಿ ಹಾಕಿ, ಟೀ ಬರುತ್ತೆ.”

“ನಾನಿನ್ನೂ ಬಾಯೇ ಬಿಟ್ಟಿಲ್ಲ, ಆಗ್ಲೇ ತೃಪ್ತಿ ವ್ಯಕ್ತಪಡಿಸಿಬಿಟ್ನಾ?”

ಮೇಜಿನ ತುದಿಯಲ್ಲಿದ್ದ ಹೆಡ್ ನರ್ಸ್ ನಗು ನುಂಗಿಕೊಂಡಳು.

ಹೋದ ತಿಂಗಳು ಆ ಹೆಂಗಸಿನ ತಂಗಿಗೆ ಇಲ್ಲೇ ಹೆರಿಗೆಯಾಗಿತ್ತು. ವಾರ್ಡಿನ ಶೌಚಾಲಯಕ್ಕೆ ಚಿಲಕವಿಲ್ಲ. ತಂಗಿ ಒಳಗೆ ಹೋದಾಗಲೆಲ್ಲ ಅಕ್ಕ ಹೊರಗಿನಿಂದ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಪಕ್ಕದ ಹಾಸಿಗೆಯ ಬಾಣಂತಿಗೆ ಹಾಗೆ ನಿಲ್ಲುವವರು ಯಾರೂ ಇರಲಿಲ್ಲ. ಎರಡನೇ ದಿನವೇ ಆಕೆ ಮಗು ಎತ್ತಿಕೊಂಡು ಯಾರಿಗೂ ಹೇಳದೆ ಹೊರಟುಹೋದಳು. ವಾರ ಕಳೆಯುವಷ್ಟರಲ್ಲಿ ಹೊಲಿಗೆಯಲ್ಲಿ ಕೀವಾಗಿ, ಮೈ ಕೆಂಡವಾಗಿ ಅವಳನ್ನು ಹೊತ್ತುಕೊಂಡು ಬಂದರು. ರಿಜಿಸ್ಟರಿನಲ್ಲಿ ಮಾತ್ರ ‘ರೋಗಿ ಪರಾರಿ’ ಎಂದಿತ್ತು.

ಹೊಲಿಯುವ ಹೆಂಗಸು ಅದನ್ನೇ ಹೇಳಿದಾಗ ವೈದ್ಯರು ಕೈಬೀಸಿ ತಳ್ಳಿಹಾಕಿಬಿಟ್ಟರು. “ಚಿಲಕ ಬಿಡಿ. ನಾವು ಏನು ಮಾಡಿದ್ರೂ ಜನಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ.”

“ಹಾಗಂತ ಜನ ಹೇಳಿದ್ರಾ? ಅಥವಾ ಅದನ್ನೂ ನೀವೇ ಟೈಪ್ ಮಾಡಿದ್ದಾ?”

ಅವಳು ನಡಾವಳಿಯ ಹಾಳೆ ಹಿಡಿದು ಎದ್ದು, ಕುರ್ಚಿಯನ್ನೂ ಎತ್ತಿಕೊಂಡಳು.

“ಕುರ್ಚಿ ಎಲ್ಲಿಗಮ್ಮಾ?”

“ಸಭೆಗೆ.”

ಹೊರರೋಗಿಗಳ ಮೊಗಸಾಲೆಯಲ್ಲಿ, ಚೀಟಿ ಹಿಡಿದ ಉದ್ದನೆಯ ಸಾಲಿನ ಎದುರಿಗೇ ಕುರ್ಚಿ ಹಾಕಿ ಕೂತಳು. ನಡಾವಳಿಯ ಹಾಳೆ ಮಗುಚಿ, ಖಾಲಿ ಬದಿಯ ಮೇಲೆ ಪೆನ್ನಿಟ್ಟಳು. “ಈ ಆಸ್ಪತ್ರೆ ನಮ್ಮದು. ಏನೇನು ಸರಿಯಿಲ್ಲ, ಹೇಳಿ.”

ಜನ ತಂತಮ್ಮ ಚೀಟಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ ಊರುಗೋಲಿನ ಮುದುಕನೊಬ್ಬ ಮೆಲ್ಲಗೆ ಕೇಳಿದ, “ಹೇಳಿದ್ರೆ ನಮ್ಮ ಚೀಟೀನ ಕೆಳಕ್ಕೆ ಹಾಕಲ್ವೇನವ್ವಾ?”

“ಹಾಕಿದ್ರೆ ಅದನ್ನೂ ಬರೀತೀನಿ.”

ಅಷ್ಟೇ, ಬಾಯಿಗಳು ತೆರೆದುಕೊಂಡವು. ಸಿಗದ ಮಾತ್ರೆ, ಬಾರದ ನೀರು, ಗದರುವ ಗುಮಾಸ್ತ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಕುರ್ಚಿ ಎಳೆದ ಸದ್ದಾಯಿತು. ಹೆಡ್ ನರ್ಸ್! ಅವಳು ಒಳಗೊಮ್ಮೆ ನೋಡಿ, ದನಿ ಎತ್ತರಿಸಿಯೇ ಹೇಳಿದಳು, “ನಂದೂ ಒಂದು ಬರ್ಕೋ. ನಲವತ್ತು ಹಾಸಿಗೆಗೆ ನರ್ಸ್ ಒಬ್ಳೇ.”

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಗದ್ದಲ ಕೇಳಿ ಮುಖ್ಯ ವೈದ್ಯರು ಹೊರಗೆ ಬಂದರು. ಎಂಟು ವರ್ಷದಿಂದ ಅವರು ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದುದರಿಂದ ಅವರ ಗುರುತು ಸಾಲಿನಲ್ಲಿದ್ದ ಒಬ್ಬರಿಗೂ ಸಿಗಲಿಲ್ಲ. “ಮೊದಲು ಇದನ್ನ ನಿಲ್ಸಿ...” ಎನ್ನುತ್ತ ಮುಂದೆ ನುಗ್ಗುವಷ್ಟರಲ್ಲಿ ಅಜ್ಜಿಯೊಬ್ಬಳು ಅವರ ತೋಳು ಹಿಡಿದು, ಸಾಲಿನ ಕೊನೆಯತ್ತ ಕೈ ತೋರಿಸಿದಳು.

“ಹಿಂದೆ ನಿಂತ್ಕೋಪ್ಪಾ. ನಾವೆಲ್ಲ ಬೆಳಿಗ್ಗೆಯಿಂದ ಕಾಯ್ತಾ ಇದ್ದೀವಿ.”