ಮೊಂಡು ಕತ್ತರಿ

"ಈ ಮೊಂಡು ಕತ್ತರೀಲಿ ಇನ್ನೆಷ್ಟು ವರ್ಷ ಬಟ್ಟೆ ಹರೀತಾ ಕೂತಿರ್ತೀಯಾ ಅಮ್ಮಾ?" ಮಗಳು ಕತ್ತರಿ ಕಿತ್ತುಕೊಂಡು, ಹೊಲಿಗೆ ಅಂಗಡಿಯ ಹಿಂಬಾಗಿಲನ್ನು ದಢಾರನೆ ಬಡಿದು ಹೋದಳು. ಅಮ್ಮನ ಕೈಯಲ್ಲಿ ಅಂಚೆಲ್ಲ ಹಿಂಜಿಹೋದ ಅಂಗಿಬಟ್ಟೆ ಉಳಿಯಿತು.

ಮಗಳ ಅಪ್ಪನಿಗೂ ಹೀಗೇ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುಂಗೋಪಿ, ಸಿಡುಕ, ದೂರ್ವಾಸ ಎಂದು ನೆಂಟರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ರೇಗಾಡಿದ ಮೇಲೆ ಅವನೇನು ಮಾಡುತ್ತಿದ್ದನೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ತಪ್ಪಾಯ್ತು ಅನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಹಿತ್ತಿಲಲ್ಲಿ ಕೂತು ಹೆಂಡತಿಯ ಕತ್ತರಿಗೆ ಸಾಣೆ ಹಿಡಿಯುತ್ತಿದ್ದ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಕತ್ತರಿಯನ್ನು ಬೇರೆಯವರ ಕೈಗೆ ಕೊಡಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ಹಿತ್ತಿಲಿನಿಂದ ಕಲ್ಲಿನ ಮೇಲೆ ಅಲಗು ಉಜ್ಜುವ ಸದ್ದು ಕೇಳಿತು. ಅವಳು ಕದಲದೆ ಕೂತಳು. ಮಗಳು ಬಂದು, ಮುಖ ಅತ್ತ ತಿರುಗಿಸಿಕೊಂಡೇ, ಅಪ್ಪ ಇಡುತ್ತಿದ್ದ ಹಾಗೆ ಹಿಡಿಯನ್ನು ಅಮ್ಮನ ಕಡೆಗೆ ಮಾಡಿ ಕತ್ತರಿ ಇಟ್ಟಳು. ಅಮ್ಮ ಬಟ್ಟೆಗೆ ಕತ್ತರಿ ಹಾಕಿದಳು. ಅದು ಸರ್ರನೆ ಓಡಿತು. ಕಣ್ಣು ಮಂಜಾಯಿತು.

"ಯಾಕಮ್ಮಾ, ಜಾಸ್ತಿ ಬೈದ್ಬಿಟ್ನಾ?"

"ಇಲ್ಲ ಕಣೇ," ಎಂದಳು ಅಮ್ಮ. "ಇನ್ನೊಂದ್ಸಲ ಬೈಯೇ."