ಹಿಂದೆ ಓಡಿದ ಹಸಿರು ರಿಬ್ಬನ್

ಹೊನ್ನೂರಸಾಬ ಇಪ್ಪತ್ತು ವರ್ಷಗಳಿಂದ ಜಿಲ್ಲಾ ಕ್ರೀಡಾಂಗಣದಲ್ಲಿ ಪತ್ರಿಕೆಗಾಗಿ ಫೋಟೊ ತೆಗೆಯುತ್ತಿದ್ದ.

ಚೀಲದಲ್ಲಿ ಎರಡು ಲೆನ್ಸ್... ಮೊಳದುದ್ದದ ದೊಡ್ಡದು ಮೊದಲು ಬಂದವರ ಬೆವರ ಹನಿಯನ್ನೂ ಹಿಡಿಯುತ್ತಿತ್ತು, ಹಿಂದಿನದೆಲ್ಲ ಮಂಜು. ಚಿಕ್ಕದರಲ್ಲಿ ಓಟದ ಎಂಟೂ ಜನ ಕಾಣುತ್ತಿದ್ದರು, ಮುಖ ಮಾತ್ರ ಸಣ್ಣ.

ಚಿಕ್ಕದನ್ನು ಅವನು ಹೊರಗೆ ತೆಗೆದದ್ದೇ ಕಡಿಮೆ. ಗೆದ್ದವರ ಹಿಂದಿನದು ಮಸುಕಾದಷ್ಟೂ ಫೋಟೊಗೆ ಕಳೆ ಎನ್ನುತ್ತಿದ್ದ.

ಒಂದು ದಿನ ಕಪ್ಪು ಕನ್ನಡಕದ ತಾಯಿಯೊಬ್ಬಳು ಅವನ ಸ್ಟುಡಿಯೊ ಮೆಟ್ಟಿಲೇರಿ ಬಂದಳು. ಮಗಳು ಹುಲಿಗೆಮ್ಮ ನಾನೂರು ಮೀಟರ್ ಓಡುತ್ತಿದ್ದಳಂತೆ. ಯಾವಾಗಲೂ ನಾಲ್ಕನೆಯವಳೋ ಐದನೆಯವಳೋ...

ಹೋದ ವರ್ಷ ಬೆಳಗ್ಗೆ ರಸ್ತೆ ಬದಿ ಓಡುವಾಗ ಲಾರಿ ಗುದ್ದಿ ತೀರಿಹೋಗಿದ್ದಳು.

ಆಕೆ ಮಗಳ ಫೋಟೊ ಕೇಳಿದಳು. ಮನೆಯಲ್ಲಿ ಒಂದೂ ಇಲ್ಲವೇ ಎಂದು ಹೊನ್ನೂರಸಾಬ ಕೇಳಿದ.

"ಆಧಾರ್ ಕಾರ್ಡಿನಾಗ ಐತ್ರಿ. ಅದ್ರಾಗ ಜೈಲಿಂದ ಬಂದಾಕಿಗತೆ ಕಾಣ್ತಾಳ," ಎಂದು ನಕ್ಕಳು. "ಓಡೋ ಮಕ ಬೇಕ್ರಿ ನನಗ."

ಆಗ ತನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಗ್ಯಾಲರಿಯಲ್ಲಿ ಕೂತ ತನಗೆ ಗುರುತು ಸಿಗಲೆಂದೇ ಮಗಳು ಜಡೆಗೆ ಗಿಳಿಹಸಿರು ರಿಬ್ಬನ್ ಕಟ್ಟುತ್ತಿದ್ದಳು ಎಂದು ಹೇಳಿದಳು.

ಹೊನ್ನೂರಸಾಬ ಕಂಪ್ಯೂಟರ್ ತೆರೆದ. ಮೂರು ವರ್ಷದ ಕ್ರೀಡಾಕೂಟಗಳು... ನೂರಾರು ಫೋಟೊಗಳು...

ನಾನೂರು ಮೀಟರ್ ಓಟದ ಪ್ರತಿ ಫೋಟೊದಲ್ಲೂ ಗೆದ್ದವಳ ಹೆಗಲ ಹಿಂದೆ ಒಂದು ಹಸಿರು ಕಲೆ. ಅದರ ಕೆಳಗೆ ಕಣ್ಣಿಲ್ಲ, ಮೂಗಿಲ್ಲ, ಬರೀ ಕಲಸಿದ ಬಣ್ಣ. ಎಷ್ಟು ದೊಡ್ಡದು ಮಾಡಿದರೂ ಅಷ್ಟೇ.

ತಾಯಿ ಪರದೆಯ ಹತ್ತಿರ ಬಾಗಿ, ಆ ಕಲೆಯನ್ನು ಬೆರಳಿನಿಂದ ಸವರಿದಳು.

ಹೊನ್ನೂರಸಾಬನ ಕಣ್ಣು ತುಂಬಿತು.

"ಅಳಬ್ಯಾಡ್ರಿ ಸಾಬ್ರ," ಎಂದಳು ಆಕೆ. "ಆಕಿ ಓಡುವಾಗ ನನಗೂ ಹಿಂಗ ಕಾಣ್ತಿದ್ಲು. ಆಪರೇಷನ್‌ಗೆ ಹೆಸರು ಬರೆಸಿದಾಕಿನೂ ಆಕಿನ. ಮೊನ್ನೆ ಆಪರೇಷನ್ ಆತು, ಕಣ್ಣು ಬಂದಮ್ಯಾಲಾದ್ರೂ ಆಕಿ ಮಕ ನೋಡೋಣು ಅಂತ ಬಂದಿದ್ದೆ..."

ಆ ಮಸುಕು ಫೋಟೊವನ್ನೇ ಪ್ರಿಂಟ್ ಹಾಕಿಸಿಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು.

ಮುಂದಿನ ಕ್ರೀಡಾಕೂಟದಲ್ಲಿ ಹೊನ್ನೂರಸಾಬ ಚಿಕ್ಕ ಲೆನ್ಸ್ ಹಾಕಿದ. ಫೋಟೊದಲ್ಲಿ ಕಳೆಯೇ ಇಲ್ಲವೆಂದು ಪತ್ರಿಕೆಯವರು ಬೈದರು.

ಕಟ್ಟಕಡೆಯ ಹುಡುಗಿಯ ಮುಖವೂ ಅದರಲ್ಲಿ ಸ್ಪಷ್ಟವಾಗಿತ್ತು...

ಆದರೆ ಅವಳು ಹುಲಿಗೆಮ್ಮ ಅಲ್ಲ.

*ಹಿಂದೆ ಉಳಿದವರಿಗೂ ಒಂದು ಮುಖವಿದೆ, ಅದನ್ನು ನೋಡಲು ಕಾದ ಒಂದು ಜೀವವೂ ಎಲ್ಲೋ ಇದೆ.*

ನಿಮ್ಮ ಫೋನಿನ ಫೋಟೊಗಳಲ್ಲಿ ಹಿಂದೆ ಮಸುಕಾಗಿ ನಿಂತವರು ಯಾರು... ಅವರು ಇರುವಾಗಲೇ ಒಮ್ಮೆ ಹತ್ತಿರ ಹೋಗಿ ನೋಡುವಿರಾ?